ಚೇಂಬರ್ ಆಫ್ ಕಾಮರ್ಸ್ ಅಂದ್ರೆ ಸರ್ಕಾರನಾ? ಲಾಸ್ ಏಂಜಲೀಸ್ ಕೌಂಟಿ ಚೇಂಬರ್ ಕಥೆ

ಪ್ರಶ್ನೆ: ನನ್ನ ಮಗಳು ಅಳಿಯ ಲಾಸ್ ಏಂಜಲೀಸ್ ಕೌಂಟೀಲಿ, ಆರ್ಟೀಶಿಯಾ ಹತ್ರ ಸಣ್ಣದೊಂದು ಟಿಫನ್ ಹೋಟ್ಲು ಶುರು ಮಾಡಿದಾರೆ. ಬಾಗಿಲು ತೆಗೆದು ಇನ್ನೂ ತಿಂಗಳಾಗಿಲ್ಲ, ಆಗ್ಲೇ ಚೇಂಬರ್ ಆಫ್ ಕಾಮರ್ಸ್‌ನವರಿಂದ ಮೆಂಬರ್ ಆಗಿ ಅಂತ ಕಾಗದ ಬಂದಿದೆ. ಇದು ಸರ್ಕಾರದ್ದಾ, ದುಡ್ಡು ಕಟ್ಟಲೇಬೇಕಾ? ಅಲ್ಲಿ ಇದನ್ನ ಯಾರು ಶುರು ಮಾಡಿದ್ದು, ಇಷ್ಟು ವರ್ಷ ಏನು ಕೆಲಸ ಮಾಡಿದೆ? ನಮ್ಮ ವಿಶ್ವೇಶ್ವರಯ್ಯನವರು ಮಾಡಿದ ಮೈಸೂರು ಚೇಂಬರ್ ಥರಾನೇನಾ? (ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ನಮಸ್ಕಾರ ಸರ್. ಮೊದಲು ನಿಮ್ಮ ಟೆನ್ಷನ್ ಇಳಿಸಿಬಿಡ್ತೀನಿ. ಸರ್ಕಾರದ್ದಲ್ಲ, ಕಟ್ಟಲೇಬೇಕು ಅಂತಾನೂ ಇಲ್ಲ. ಅಮೆರಿಕಾದಲ್ಲಿ ಚೇಂಬರ್ ಅನ್ನೋದು ವ್ಯಾಪಾರಸ್ಥರು ತಾವಾಗೇ ಸೇರ್ಕೊಂಡು ಮಾಡಿಕೊಂಡಿರೋ ಖಾಸಗಿ ಸಂಘ. ಮೆಂಬರ್ ಆದ್ರೆ ಆಯ್ತು, ಆಗದಿದ್ರೆ ಇಲ್ಲ, ಹೋಟ್ಲು ಯಾರೂ ಮುಚ್ಚಿಸಲ್ಲ. ನಿಮ್ಮ ಅಳಿಯನ ಹೋಟ್ಲ ಬಾಗಿಲ ಮೇಲೆ ಎ ಅಥವಾ ಬಿ ಅಂತ ದೊಡ್ಡ ಅಕ್ಷರದ ಕಾರ್ಡ್ ಅಂಟಿಸಿರ್ತಾರಲ್ಲ, ಅದು ಕೌಂಟಿ (ನಮ್ಮ ಜಿಲ್ಲೆ ಥರ) ಆರೋಗ್ಯ ಇಲಾಖೆಯವರು ಅಡುಗೆಮನೆ ನೋಡಿ ಕೊಟ್ಟ ಗ್ರೇಡು, 1998ರಿಂದ ಅಲ್ಲಿ ನಡ್ಕೊಂಡು ಬಂದಿರೋ ಪದ್ಧತಿ, ಅದು ಸರ್ಕಾರ. ಅದರ ಪಕ್ಕದಲ್ಲೇ ಕೆಲವು ಅಂಗಡೀಲಿ ಸಣ್ಣದೊಂದು ಸ್ಟಿಕ್ಕರ್ ಇರುತ್ತೆ, ಚೇಂಬರ್ ಮೆಂಬರ್ ಅಂತ, ಅದು ಸಂಘ. ಒಂದೇ ಗಾಜಿನ ಮೇಲೆ ಎರಡೂ ಇರೋದ್ರಿಂದ ಹೊಸಬರಿಗೆ ಎರಡೂ ಒಂದೇ ಅನ್ಸೋದು ಸಹಜ.

ಆದ್ರೆ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ ಸರ್, ಅದಕ್ಕೇ ಇಷ್ಟುದ್ದ ಬರೀತಾ ಇರೋದು. ಲಾಸ್ ಏಂಜಲೀಸ್ ಕೌಂಟೀಲಿ ಚೇಂಬರ್ ಅನ್ನೋದು ಸುಮಾರು ಐವತ್ತು ವರ್ಷ ಹೆಚ್ಚುಕಮ್ಮಿ ಸರ್ಕಾರದ ಥರಾನೇ ನಡ್ಕೊಂಡಿದೆ. ಬಂದರು ಎಲ್ಲಿ ಬರಬೇಕು, ನೀರು ಎಲ್ಲಿಂದ ತರಬೇಕು, ಯಾವ ಊರಿನ ಜನ ಬಂದು ಇಲ್ಲಿ ನೆಲೆಸಬೇಕು, ಯಾರು ಜಾಗ ಖಾಲಿ ಮಾಡಬೇಕು, ಈ ಎಲ್ಲದರಲ್ಲೂ ಅವರ ಕೈ ಇತ್ತು. ಓಟು ಹಾಕಿ ಯಾರೂ ಆರಿಸಿದ್ದಲ್ಲ, ಚಂದಾ ಕೊಟ್ಟವರ ಸಂಘ ಅಷ್ಟೆ. ಅಲ್ಲಿನ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಏಳೋ ಪ್ರಶ್ನೆ ಒಂದೇ, ಇವರು "ನಮ್ಮ ಕೌಂಟಿ" "ನಮ್ಮ ಊರಿಗೆ ಒಳ್ಳೇದು" ಅಂದಾಗ ಆ "ನಮ್ಮ" ಲೆಕ್ಕದಲ್ಲಿ ಯಾರ್ಯಾರು ಇದ್ರು?

ಹಿನ್ನೆಲೆ ಸ್ವಲ್ಪ ಬೇಗ ಹೇಳಿ ಮುಗಿಸ್ತೀನಿ. ಇಂಥ ಸಂಘ ಹುಟ್ಟಿದ್ದು ಅಮೆರಿಕಾದಲ್ಲಲ್ಲ. ಫ್ರಾನ್ಸಿನ ಮಾರ್ಸೇಲ್ ಬಂದರಿನ ವ್ಯಾಪಾರಿಗಳು 1599ರಲ್ಲೇ ಒಂದು ಮಾಡ್ಕೊಂಡಿದ್ರು. ಫ್ರಾನ್ಸು ಜರ್ಮನಿ ಕಡೆ ಇವತ್ತಿಗೂ ಚೇಂಬರ್‌ಗೆ ಕಾನೂನಿನ ಬಲ ಇದೆ, ವ್ಯಾಪಾರ ಮಾಡೋರು ಮೆಂಬರ್ ಆಗಲೇಬೇಕು. ಇಂಗ್ಲೆಂಡು ಅಮೆರಿಕಾದ ದಾರಿ ಬೇರೆ, ಅಲ್ಲಿ ಎಲ್ಲ ಸ್ವಂತ ಇಷ್ಟ. ನ್ಯೂಯಾರ್ಕ್‌ನಲ್ಲಿ 1768ರಲ್ಲಿ 20 ಜನ ವ್ಯಾಪಾರಿಗಳು ಒಂದು ಟ್ಯಾವರ್ನ್‌ನಲ್ಲಿ ಕೂತು ಚೇಂಬರ್ ಶುರು ಮಾಡಿದ್ರು, ಎರಡು ವರ್ಷ ಆದ್ಮೇಲೆ ಅದಕ್ಕೆ ಬ್ರಿಟಿಷ್ ರಾಜ ಮೂರನೇ ಜಾರ್ಜ್‌ನ ಸನ್ನದು ಸಿಕ್ತು. ಬ್ರಿಟಿಷರ ಜೊತೆ ಇದು ನಮ್ಮ ಕಡೆಗೂ ಬಂತು, ಬಾಂಬೆ ಮದ್ರಾಸು ಎರಡೂ ಕಡೆ 1836ರಲ್ಲಿ. ಇಡೀ ಅಮೆರಿಕಾಗೆ ಸೇರಿದ ಯುಎಸ್ ಚೇಂಬರ್ ಬಂದಿದ್ದು ತುಂಬಾ ತಡವಾಗಿ, 1912ರಲ್ಲಿ, ಅಧ್ಯಕ್ಷ ಟ್ಯಾಫ್ಟ್ ಒತ್ತಾಯದ ಮೇಲೆ. ಅಷ್ಟೊತ್ತಿಗೆ ಊರೂರಿನ ಚೇಂಬರ್‌ಗಳು ಆಗ್ಲೇ ಬಲಿತಿದ್ವು. ಹಾಗಾಗಿ ಕೆಳಗಿನ ಚೇಂಬರ್ ಮೇಲಿನದರ ಬ್ರಾಂಚ್ ಆಫೀಸು ಅಂತ ಅನ್ಕೋಬೇಡಿ, ಒಂದೊಂದೂ ಬೇರೆ ಬೇರೆ ಸಂಘ.

ಈಗ ಲಾಸ್ ಏಂಜಲೀಸಿಗೆ ಬರೋಣ. 1880ರಲ್ಲಿ ಆ ಊರಿನ ಜನಸಂಖ್ಯೆ 11,183. ನಮ್ಮ ಕಡೆ ಒಂದು ಹೋಬಳಿ ಊರಿನಷ್ಟು. ಸದರ್ನ್ ಪೆಸಿಫಿಕ್ ರೈಲು 1876ರಲ್ಲಿ ಬಂದಿತ್ತು, 1885ರಲ್ಲಿ ಸ್ಯಾಂಟಾ ಫೆ ಅನ್ನೋ ಇನ್ನೊಂದು ರೈಲು ಕಂಪನಿ ಬಂತು ನೋಡಿ, ಇಬ್ಬರಿಗೂ ಜಿದ್ದಾಜಿದ್ದಿ ಶುರು, ನೂರು ಡಾಲರ್ ಮೇಲಿದ್ದ ಟಿಕೆಟ್ ಇಳೀತಾ ಇಳೀತಾ 1887ರ ಮಾರ್ಚ್‌ನಲ್ಲಿ ಒಂದು ದಿನ ಬರೀ ಒಂದು ಡಾಲರ್‌ಗೆ ಬಂದು ನಿಂತಿತ್ತು. ದೇಶದ ನಡುಮಧ್ಯದಿಂದ ಪಶ್ಚಿಮದ ಸಮುದ್ರದ ದಡಕ್ಕೆ ಒಂದು ಡಾಲರ್! ಜನ ದಂಡುದಂಡಾಗಿ ಬಂದ್ರು, ಸೈಟ್ ವ್ಯಾಪಾರ ಹುಚ್ಚು ಹಿಡಿದ ಹಾಗೆ ನಡೀತು. ಮರಳುಗಾಡಿನ ಮುಳ್ಳುಮರಕ್ಕೆ ಕಿತ್ತಳೆಹಣ್ಣು ಚುಚ್ಚಿ ಇದು ತೋಟ ಅಂತ ಸೈಟ್ ಮಾರಿದ್ರು ಅಂತ ಒಂದು ಕಥೇನೂ ಇದೆ, ಎಷ್ಟು ನಿಜಾನೋ, ಆದ್ರೆ ಆ ಕಾಲದ ಮನಸ್ಥಿತಿಗೆ ಸರಿಯಾಗಿದೆ. 1888ಕ್ಕೆ ಎಲ್ಲ ಠುಸ್. ಸೈಟ್ ಕೊಳ್ಳೋರಿಲ್ಲ, ಬಂದವರು ಗಂಟುಮೂಟೆ ಕಟ್ತಾ ಇದ್ದಾರೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಚೇಂಬರ್ ಹುಟ್ಟಿದ್ದು. ಅಂದ್ರೆ ವ್ಯಾಪಾರ ಚೆನ್ನಾಗಿ ನಡೀವಾಗ ಸಂತೋಷಕ್ಕೆ ಕಟ್ಟಿದ ಸಂಘ ಅಲ್ಲ ಅದು, ಕೈಲಿದ್ದ ಆಸ್ತಿ ಬೆಲೆ ನೆಲಕಚ್ಚಿದಾಗ ಭಯದಲ್ಲಿ ಕಟ್ಟಿದ್ದು. ಮುಂದೆ ನಿಂತವರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಮಾಲೀಕ ಹ್ಯಾರಿಸನ್ ಗ್ರೇ ಓಟಿಸ್ ಒಬ್ಬರು. ಹೋಲ್‌ಸೇಲ್ ವ್ಯಾಪಾರಿಗಳ ಬೋರ್ಡ್ ಆಫ್ ಟ್ರೇಡ್ ಅಂತ ಒಂದು ಮೊದಲೇ ಇತ್ತು, ಆದ್ರೆ ಇವರಿಗೆ ಬೇಕಾಗಿದ್ದು ಬೇರೆ. ಊರನ್ನೇ ಮಾರೋ ಸಂಘ ಬೇಕಿತ್ತು. ಮರುವರ್ಷಾನೇ ಕೌಂಟಿಯ ದಕ್ಷಿಣ ಭಾಗ ಕಿತ್ಕೊಂಡು ಹೋಗಿ ಆರೆಂಜ್ ಕೌಂಟಿ ಅಂತ ಬೇರೇನೇ ಆಯ್ತು. ಆದ್ರೂ ಚೇಂಬರ್‌ನವರು ಯಾವತ್ತೂ ನಗರದ ಗಡಿ ನೋಡ್ಕೊಂಡು ಕೆಲಸ ಮಾಡಲಿಲ್ಲ, ಊರಾಚೆಯ ತೋಟ, ಕಣಿವೆ, ಸಮುದ್ರದ ದಡ, ಎಲ್ಲಾ ತಮ್ಮದೇ ಅನ್ನೋ ಹಾಗಿತ್ತು ಅವರ ಓಡಾಟ.

ಇಲ್ಲಿ ಫ್ರಾಂಕ್ ವಿಗ್ಗಿನ್ಸ್ ಅನ್ನೋರ ಬಗ್ಗೆ ಹೇಳಲೇಬೇಕು, ನನಗೆ ಈ ಕಥೇಲಿ ತುಂಬಾ ಇಷ್ಟವಾದ ಮನುಷ್ಯ. ಇಂಡಿಯಾನಾ ರಾಜ್ಯದವರು, ಆರೋಗ್ಯ ಪೂರ್ತಿ ಕೆಟ್ಟು 1886ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದವರು, ಹವಾಮಾನ ಹಿಡಿಸಿ ಚೇತರಿಸ್ಕೊಂಡ್ರು, ಆಮೇಲೆ ಸಾಯೋ ತನಕ ಆ ಹವಾಮಾನಾನೇ ಮಾರಿದ್ರು. ಅವರಿಗಿಂತ ಮುಂಚೆ ಸೆಕ್ರೆಟರಿ ಆಗಿದ್ದ ಚಾರ್ಲ್ಸ್ ಡ್ವೈಟ್ ವಿಲ್ಲರ್ಡ್ ಕೂಡ ಕ್ಷಯ ರೋಗಿ, ಅವರೂ ಬಿಸಿಲು ಹುಡುಕ್ಕೊಂಡೇ ಬಂದವರು. ತಾವೇ ಗುಣ ಕಂಡವರು ಬೇರೆಯವರಿಗೆ ಹೇಳೋ ರೀತಿ ಬೇರೇನೇ ಇರುತ್ತೆ ನೋಡಿ, ಆ ಜಾಹೀರಾತಿಗೆ ಬಲ ಬಂದಿದ್ದು ಅಲ್ಲಿಂದ ಅಂತ ನನ್ನ ಅಂದಾಜು.

ವಿಗ್ಗಿನ್ಸ್ ಕೆಲಸ ಎಕ್ಸಿಬಿಷನ್ ಮಾಡೋದು. ಚೇಂಬರ್ ಕಟ್ಟಡದಲ್ಲೇ ಕೌಂಟಿಯ ಬೆಳೆ ಎಲ್ಲ ಜೋಡಿಸಿಟ್ಟಿದ್ರು, ಗಾಜಿನ ಜಾಡಿಗಳಲ್ಲಿ ಹಣ್ಣು, ಗುಡಾಣದಂಥ ಕುಂಬಳಕಾಯಿ, ಯಾರು ಬೇಕಾದ್ರೂ ಪುಕ್ಕಟೆ ಒಳಗೆ ಹೋಗಿ ನೋಡಬಹುದಿತ್ತು. ಎಲ್ಲದಕ್ಕಿಂತ ಹೆಸರಾಗಿದ್ದು ಒಂದು ಆನೆ. ನಿಜವಾದ ಆನೆ ಗಾತ್ರದ ಆಕೃತಿ ಮಾಡಿ ಅದರ ಮೈ ತುಂಬಾ ಅಕ್ರೋಟು ಅಂಟಿಸಿದ್ರು! ಅಕ್ರೋಟಿನ ಸುಕ್ಕು ಆನೆ ಚರ್ಮದ ಸುಕ್ಕಿಗೆ ಎಷ್ಟು ಚೆನ್ನಾಗಿ ಹೊಂದುತ್ತೆ ಯೋಚನೆ ಮಾಡಿ, ಐಡಿಯಾ ಬಂದವನ ತಲೆಗೆ ಕೈ ಮುಗೀಬೇಕು. 1893ರ ಶಿಕಾಗೋ ಮಹಾಮೇಳಕ್ಕೆ ಈ ಆನೆ ಹೋಯ್ತು, ಜೊತೆಗೆ ಕಿತ್ತಳೆಹಣ್ಣು ಪೇರಿಸಿದ ದೊಡ್ಡ ಗೋಪುರ. ನಮ್ಮ ವಿವೇಕಾನಂದರು ಭಾಷಣ ಮಾಡಿದ್ದೂ ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ. ಆ ಮೇಳಕ್ಕೆ ಬಂದವರ ಲೆಕ್ಕ ಎರಡೂ ಮುಕ್ಕಾಲು ಕೋಟಿ ಹತ್ರ. ಶಿಕಾಗೋ ಚಳಿಗಾಲ ಕಂಡವನಿಗೆ ಕಿತ್ತಳೆ ಗೋಪುರ ತೋರಿಸಿದ್ರೆ ಸಾಕು, ಬೇರೆ ಮಾತು ಬೇಕಾಗಿಲ್ಲ. 1897ರಲ್ಲಿ ವಿಗ್ಗಿನ್ಸ್ ಚೇಂಬರ್ ಸೆಕ್ರೆಟರಿ ಆದ್ರು, 1924ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ. ಮರುವರ್ಷ ಅವರ ಹೆಸರಲ್ಲಿ ಒಂದು ಟ್ರೇಡ್ ಸ್ಕೂಲ್ ಶುರುವಾಯ್ತು, ಇವತ್ತು ಅದೇ ಎಲ್‌ಎ ಟ್ರೇಡ್ ಟೆಕ್ ಕಾಲೇಜು, ಅಲ್ಲಿ ಅಡುಗೆ ಕೋರ್ಸೂ ಇದೆ, ಬೇಕಾದ್ರೆ ಅಳಿಯಂದಿರಿಗೆ ಹೇಳಿ.

ಈ ಮಾರಾಟದ ಫಲ ಅಂಕಿಯಲ್ಲೇ ಕಾಣುತ್ತೆ. 1890ರಲ್ಲಿ ಇಡೀ ಕೌಂಟಿ ಜನಸಂಖ್ಯೆ 1,01,454. 1930ಕ್ಕೆ 22 ಲಕ್ಷ ದಾಟಿತ್ತು. ಎಲ್ಲಾ ಚೇಂಬರ್‌ನಿಂದಲೇ ಆಯ್ತು ಅನ್ನೋಕಾಗಲ್ಲ, ನೆಲದಲ್ಲಿ ಪೆಟ್ರೋಲಿಯಂ ಸಿಕ್ತು, ಸಿನಿಮಾ ಬಂತು, ರೈಲಿನವರೂ ಪ್ರಚಾರ ಮಾಡಿದ್ರು. ಆದ್ರೂ ಒಂದು ಊರನ್ನ ಇಷ್ಟು ಶಿಸ್ತಾಗಿ, ಇಷ್ಟು ವರ್ಷ ಬಿಡದೆ ಜಾಹೀರಾತು ಮಾಡಿದ ಉದಾಹರಣೆ ನನಗಂತೂ ಬೇರೆ ಕಂಡಿಲ್ಲ.

ಅವರ ದೊಡ್ಡ ಗೆಲುವು ಅಂದ್ರೆ ಬಂದರಿನ ಜಗಳ. ಲಾಸ್ ಏಂಜಲೀಸ್ ಊರು ಸಮುದ್ರದಿಂದ ಸುಮಾರು 20 ಮೈಲಿ ಒಳಗಿದೆ, ಸ್ವಂತ ಬಂದರಿಲ್ಲ. ಕೇಂದ್ರ ಸರ್ಕಾರದ ದುಡ್ಡಲ್ಲಿ ಒಂದು ದೊಡ್ಡ ಬಂದರು ಮಾಡಿಸ್ಕೋಬೇಕು, ಸರಿ, ಎಲ್ಲಿ? ದಕ್ಷಿಣಕ್ಕೆ ಸ್ಯಾನ್ ಪೆಡ್ರೋ ಒಂದು, ಪಶ್ಚಿಮಕ್ಕೆ ಸ್ಯಾಂಟಾ ಮೋನಿಕಾ ಒಂದು. ಸದರ್ನ್ ಪೆಸಿಫಿಕ್ ರೈಲಿನ ಯಜಮಾನ ಕಾಲಿಸ್ ಹಂಟಿಂಗ್‌ಟನ್ ಸ್ಯಾಂಟಾ ಮೋನಿಕಾ ಕಡೆ ಜಾಗ ಹಿಡಿದು, 1893ರಲ್ಲಿ ಸಮುದ್ರದೊಳಕ್ಕೆ ಸುಮಾರು 4,700 ಅಡಿ ಉದ್ದದ ಕಟ್ಟೆ ಚಾಚಿ ಬಿಟ್ಟ, ಅದರ ಮೇಲೆ ರೈಲು ಓಡೋದು ಅವನದ್ದು ಮಾತ್ರ. ಅಲ್ಲಿ ಸರ್ಕಾರಿ ಬಂದರು ಆದ್ರೆ ಊರಿನ ಸಾಮಾನೆಲ್ಲ ಅವನು ಹೇಳಿದ ರೇಟಿಗೆ ಸಾಗಬೇಕು. ಎಂಜಿನಿಯರ್‌ಗಳ ಸಮಿತಿ ಸ್ಯಾನ್ ಪೆಡ್ರೋನೇ ವಾಸಿ ಅಂದ್ರೂ ವಾಷಿಂಗ್ಟನ್‌ನಲ್ಲಿ ಹಂಟಿಂಗ್‌ಟನ್ ಕೈ ಬಹಳ ಉದ್ದ ಇತ್ತು, ಕೆಲಸ ಮುಂದಕ್ಕೇ ಹೋಗಲಿಲ್ಲ.

ಚೇಂಬರ್ ಒಳಗೇ ಎರಡು ಬಣ. ರೈಲಿನವರನ್ನ ಎದುರು ಹಾಕ್ಕೊಂಡ್ರೆ ನಾಳೆ ವ್ಯಾಗನ್ ಸಿಗಲ್ಲ ಅನ್ನೋ ಹೆದರಿಕೆ ಎಷ್ಟೋ ಜನಕ್ಕೆ. ಕೊನೆಗೆ 1894ರಲ್ಲಿ ಮೆಂಬರ್‌ಗಳ ಓಟಿಗೆ ಹಾಕಿದ್ರು, ಸ್ಯಾನ್ ಪೆಡ್ರೋಗೆ ಬಿದ್ದ ಓಟು ಆ ಕಡೆಗಿಂತ ಎರಡು ಪಟ್ಟಿಗೂ ಜಾಸ್ತಿ. ಆಮೇಲೆ ಇದಕ್ಕಂತಲೇ ಫ್ರೀ ಹಾರ್ಬರ್ ಲೀಗ್ ಅಂತ ಬೇರೆ ಸಂಘಟನೆ ಮಾಡಿದ್ರು, ಸೆನೆಟರ್ ಸ್ಟೀಫನ್ ವೈಟ್ ವಾಷಿಂಗ್ಟನ್‌ನಲ್ಲಿ ಕಾದಾಡಿದ್ರು, ಓಟಿಸ್ ಪತ್ರಿಕೇಲಿ ದಿನಾ ಬರೆದ್ರು, 1896ರಲ್ಲಿ ಹಣ ಮಂಜೂರಾಯ್ತು, ಜಾಗ ಯಾವ್ದು ಅಂತ ತೀರ್ಮಾನಿಸೋಕೆ ಮತ್ತೊಂದು ಸಮಿತಿ, ಆ ಸಮಿತೀನೂ 1897ರಲ್ಲಿ ಸ್ಯಾನ್ ಪೆಡ್ರೋ ಅಂತು, ಆಮೇಲೂ ಎರಡು ವರ್ಷ ಎಳೆದಾಡಿ 1899ರ ಏಪ್ರಿಲ್‌ನಲ್ಲಿ ಮೊದಲ ಕಲ್ಲು ಸಮುದ್ರಕ್ಕೆ ಬಿತ್ತು. ಅಷ್ಟೂ ವರ್ಷ ಬಿಡದೆ ಜಗ್ಗಿದ್ದಕ್ಕೆ ಮೆಚ್ಚಲೇಬೇಕು. ನಿಮ್ಮ ಮಗಳ ಹೋಟ್ಲಿಗೆ ಉದ್ದಿನಬೇಳೆ ಕಂಟೇನರ್‌ನಲ್ಲಿ ಬರ್ತಾ ಇದ್ರೆ ಬಹುಶಃ ಇದೇ ಬಂದರಿನಿಂದ ಅಥವಾ ಪಕ್ಕದ ಲಾಂಗ್ ಬೀಚ್‌ನಿಂದ ಬರೋದು, ಎರಡೂ ಸೇರಿದ್ರೆ ಇಡೀ ಅಮೆರಿಕಾದಲ್ಲೇ ದೊಡ್ಡ ಕಂಟೇನರ್ ಬಂದರು. ಹಾಗಂತ ಸ್ಯಾನ್ ಪೆಡ್ರೋ ಪರ ಇದ್ದವರೆಲ್ಲ ಸಂತರು ಅಂತಲ್ಲ, ಆ ಕಡೆಯೂ ಟರ್ಮಿನಲ್ ರೈಲ್ವೆ ಅನ್ನೋ ಇನ್ನೊಂದು ಕಂಪನಿಯ ಜಾಗ ಇತ್ತು, ಲಾಭ ಅವರಿಗೂ ಇತ್ತು. ಈ ಸಲ ಊರಿನ ಲಾಭ, ಕೆಲವರ ಲಾಭ ಎರಡೂ ಒಂದೇ ದಿಕ್ಕಿಗೆ ಹರೀತು, ಅಷ್ಟೇ.

ನೀರಿನ ವಿಷಯದಲ್ಲಿ ಹಾಗಾಗಲಿಲ್ಲ. ಊರಿಗೆ ದೂರದಿಂದ ನೀರು ತರೋ ಕಾಲುವೆಗೆ ಅಂತ 1905ರಲ್ಲಿ 15 ಲಕ್ಷ ಡಾಲರ್, 1907ರಲ್ಲಿ 2 ಕೋಟಿ 30 ಲಕ್ಷ ಡಾಲರ್ ಸಾಲಪತ್ರಕ್ಕೆ ಜನರ ಒಪ್ಪಿಗೆ ಕೇಳಿದ್ರು, ಚೇಂಬರ್ ಬೆಂಬಲಕ್ಕೆ ನಿಂತಿತ್ತು, ಜನ ಕಣ್ಮುಚ್ಚಿ ಓಟು ಹಾಕಿದ್ರು. 233 ಮೈಲಿ ಕಾಲುವೆ 1913ರ ನವೆಂಬರ್ 5ಕ್ಕೆ ತೆರೀತು. ನೀರು ಎಲ್ಲಿಂದ? ಓವೆನ್ಸ್ ಕಣಿವೆಯಿಂದ, ಅದು ಇನ್ಯೋ ಅನ್ನೋ ಬೇರೆ ಕೌಂಟಿ. ಅಲ್ಲಿನ ಕೆರೆ ಬತ್ತಿ ದೂಳಾಯ್ತು, ರೈತರು 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ರು. ಈ ಕಡೆ ನೀರು ಬರೋ ಜಾಗ ಸ್ಯಾನ್ ಫರ್ನಾಂಡೋ ಕಣಿವೇಲಿ ಮುಂಚಿತವಾಗೇ ಜಮೀನು ಕೊಂಡಿದ್ದ ಗುಂಪಲ್ಲಿ ಓಟಿಸ್ಸೂ ಇದ್ರು. ಕಾವೇರಿ ಗಲಾಟೆ ನೋಡ್ಕೊಂಡು ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1920ರ ದಶಕದಲ್ಲಿ ಚೇಂಬರ್ ಬಲ ತುದಿ ಮುಟ್ಟಿತ್ತು. ಟೈರ್ ಕಂಪನಿಗಳಾದ ಗುಡ್‌ಇಯರ್, ಫೈರ್‌ಸ್ಟೋನ್ ಎಲ್ಲ ಅಲ್ಲಿ ಬ್ರಾಂಚ್ ಫ್ಯಾಕ್ಟರಿ ಹಾಕಿದ್ವು, ಪೂರ್ವದ ಕಂಪನಿಗಳನ್ನ ಹೀಗೆ ಎಳ್ಕೊಂಡು ಬರೋದು ಚೇಂಬರ್‌ನ ಕೈಗಾರಿಕಾ ವಿಭಾಗದ ಕೆಲಸ. ಬೇಸಿಗೇಲೂ ಟೂರಿಸ್ಟ್ ಬರಲಿ ಅಂತ 1921ರಲ್ಲಿ ಆಲ್ ಇಯರ್ ಕ್ಲಬ್ ಅಂತ ಇನ್ನೊಂದು ಸಂಸ್ಥೆ ಬಂತು, ಓಟಿಸ್ ಅಳಿಯ ಹ್ಯಾರಿ ಚಾಂಡ್ಲರ್ ಅದರ ಹಿಂದಿನ ಶಕ್ತಿ. ಅದಕ್ಕೆ ಕೌಂಟಿ ಖಜಾನೆಯಿಂದಲೇ ದುಡ್ಡು ಹೋಗ್ತಿತ್ತು. ಇದೇ ನೋಡಿ ನಾನು ಮೊದಲು ಹೇಳಿದ್ದು, ಸಂಘ ಖಾಸಗಿ, ದುಡ್ಡು ತೆರಿಗೆದು, ಕೇಳೋರು ಯಾರು?

ಈಗ ಒಂದು ವರದಿ ಕಥೆ ಹೇಳ್ತೀನಿ, ಚೇಂಬರ್ ಮನಸ್ಸು ಅರ್ಥ ಆಗೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಜನ ಹೀಗೇ ತುಂಬ್ತಾ ಹೋದ್ರೆ ಪಾರ್ಕು, ಆಟದ ಮೈದಾನ, ಬೀಚು ಎಲ್ಲಿ ಉಳಿಯುತ್ತೆ ಅಂತ 1927ರಲ್ಲಿ ಚೇಂಬರ್‌ನವರೇ ಒಂದು ನಾಗರಿಕರ ಸಮಿತಿ ಮಾಡಿದ್ರು. ಆ ಸಮಿತಿ ದೇಶದಲ್ಲೇ ಹೆಸರಾದ ಓಲ್ಮ್‌ಸ್ಟೆಡ್ ಬ್ರದರ್ಸ್ ಮತ್ತು ಹಾರ್ಲಂಡ್ ಬಾರ್ತಲೋಮ್ಯೂ ಕಂಪನಿಗಳಿಂದ ಪ್ಲಾನ್ ಮಾಡಿಸ್ತು. 1930ರಲ್ಲಿ ವರದಿ ಬಂತು. ಅದ್ಭುತವಾದ ವರದಿ ಸರ್. ಹೊಳೆ ಪಕ್ಕದ ತಗ್ಗು ಜಾಗದಲ್ಲಿ ಮನೆ ಕಟ್ಟೋಕೆ ಬಿಡಬೇಡಿ, ಅಲ್ಲಿ ಪಾರ್ಕ್ ಮಾಡಿ, ಪ್ರವಾಹ ಬಂದ್ರೆ ನೀರು ಪಾರ್ಕಿಗೆ ನುಗ್ಗಲಿ, ಮನೆಗಲ್ಲ, ಅಂತ. ಬೀಚು ಸಾರ್ವಜನಿಕರದ್ದಾಗಬೇಕು, ಬೆಟ್ಟದಿಂದ ಸಮುದ್ರದ ತನಕ ಹಸಿರು ದಾರಿ ಇರಬೇಕು, ಎಲ್ಲಾ ಕೌಂಟಿ ಲೆಕ್ಕದಲ್ಲಿ ನೋಡಿ ಮಾಡಿದ ಪ್ಲಾನು. ಇದನ್ನ ಜಾರಿ ಮಾಡೋಕೆ ತೆರಿಗೆ ಹಾಕೋ ಅಧಿಕಾರ ಇರೋ ಒಂದು ಹೊಸ ಪ್ರಾಧಿಕಾರ ಬೇಕು ಅಂತಾನೂ ಬರೆದಿದ್ರು.

ಅಲ್ಲಿಗೆ ಮುಗೀತು. ಚೇಂಬರ್ ನಿರ್ದೇಶಕರಿಗೆ ಆ ಪ್ರಾಧಿಕಾರದ ಮಾತು ಹಿಡಿಸಲಿಲ್ಲ, ತಮ್ಮ ಕೈ ಮೀರಿ ಹೋಗೋ ಅಧಿಕಾರ, ಮೇಲೆ ತೆರಿಗೆ ಬೇರೆ, ಆರ್ಥಿಕ ಕುಸಿತ ಆಗ್ಲೇ ಶುರುವಾಗಿತ್ತು. ವರದಿ ಅಚ್ಚಾಗಿದ್ದು ಸುಮಾರು 200 ಪ್ರತಿ. ಸಮಿತಿ ಮೆಂಬರ್‌ಗಳಿಗೆ ಹಂಚೋಕೆ ಸರಿಹೋಯ್ತು, ಜನರ ಕೈಗೆ ಸಿಗಲೇ ಇಲ್ಲ. ತಾವೇ ಹುಟ್ಟಿಸಿದ ಕೂಸನ್ನ ತಾವೇ ಅಟ್ಟಕ್ಕೆ ಹಾಕಿದ್ರು. 1938ರ ಮಾರ್ಚ್‌ನಲ್ಲಿ ಭಾರಿ ಪ್ರವಾಹ ಬಂದು ನೂರಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಸೈನ್ಯದ ಎಂಜಿನಿಯರ್‌ಗಳು ಬಂದು ಲಾಸ್ ಏಂಜಲೀಸ್ ಹೊಳೆಗೆ ಹೆಚ್ಚುಕಮ್ಮಿ ಉದ್ದಕ್ಕೂ ಕಾಂಕ್ರೀಟ್ ಹಾಕಿದ್ರು. ನಿಮ್ಮ ಮಗಳ ಮನೆ ಕಡೆ ಹೋದಾಗ ಸೇತುವೆ ಮೇಲಿಂದ ನೋಡಿ, ಚರಂಡಿ ಥರ ಕಾಣೋ ಅಗಲವಾದ ಸಿಮೆಂಟ್ ಕಾಲುವೆ, ಅದೇ ಹೊಳೆ. ಈಗ ಅದನ್ನ ಮತ್ತೆ ಹಸಿರು ಮಾಡಬೇಕು ಅಂತ ಓಡಾಡೋರು ಅದೇ 1930ರ ವರದಿ ಹುಡುಕಿ ತೆಗೆದು ಓದ್ತಾ ಇದ್ದಾರೆ.

ಇನ್ನು ಕಹಿ ಭಾಗ. ನಿಮ್ಮ ಮನೆಯವರೂ ವಲಸೆ ಹೋದವರೇ, ಅದಕ್ಕೇ ಬಿಡೋಕೆ ಮನಸ್ಸಿಲ್ಲ.

1931ರ ಫೆಬ್ರವರಿ 26ರಂದು ಲಾಸ್ ಏಂಜಲೀಸಿನ ಹಳೇ ಪ್ಲಾಜಾದಲ್ಲಿ ಅಧಿಕಾರಿಗಳು ಸುತ್ತ ಮುತ್ತಿಗೆ ಹಾಕಿ ಸುಮಾರು 400 ಜನರನ್ನ ಹಿಡಿದು ಕೂರಿಸಿ ಕಾಗದಪತ್ರ ಕೇಳಿದ್ರು, ಮೆಕ್ಸಿಕೋ ಮೂಲದವರನ್ನ ಓಡಿಸೋ ಕಾರ್ಯಕ್ರಮ. ಕೆಲಸ ಇಲ್ಲದ ಕಾಲ, ಇವರಿಗೆ ಸರ್ಕಾರಿ ನೆರವು ಕೊಡೋದಕ್ಕಿಂತ ರೈಲು ಟಿಕೆಟ್ ಕೊಟ್ಟು ಕಳಿಸೋದು ಅಗ್ಗ ಅನ್ನೋ ಲೆಕ್ಕ ಕೌಂಟಿದು. ಹೋದವರಲ್ಲಿ ಅಲ್ಲೇ ಹುಟ್ಟಿದ ಮಕ್ಕಳು, ಅಂದ್ರೆ ಅಮೆರಿಕಾ ಪ್ರಜೆಗಳು, ಎಷ್ಟೋ ಜನ. ಇದನ್ನ ಬೇಡ ಅಂದವರಲ್ಲಿ ಚೇಂಬರ್‌ನ ಕೃಷಿ ವಿಭಾಗದ ಮುಖ್ಯಸ್ಥ ಜಾರ್ಜ್ ಕ್ಲೆಮೆಂಟ್ಸ್ ಒಬ್ಬರು. ಓಹ್ ಒಳ್ಳೆಯವರು ಅನ್ಕೋಬೇಡಿ. ಅವರ ತಕರಾರು ಮನುಷ್ಯತ್ವದ್ದಲ್ಲ, ಇವರು ಹೋದ್ರೆ ತೋಟದಲ್ಲಿ ಕಡಿಮೆ ಕೂಲಿಗೆ ದುಡಿಯೋರು ಯಾರು ಅನ್ನೋದು. ಆಗ ಲಾಸ್ ಏಂಜಲೀಸ್ ಕೌಂಟಿ ಕೃಷಿ ಆದಾಯದಲ್ಲಿ ಇಡೀ ಅಮೆರಿಕಾಗೇ ಮೊದಲನೇದು, ಇವತ್ತು ಆ ಫ್ರೀವೇ ನೋಡಿದವರು ನಂಬಲ್ಲ, ಆದ್ರೆ 1940ರ ದಶಕದ ಕೊನೆ ತನಕ ಹಾಗಿತ್ತು.

1942 ಇನ್ನೂ ಕೆಟ್ಟದ್ದು. ಅಮೆರಿಕಾದ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಎರಡು ತಿಂಗಳೂ ಆಗಿರಲಿಲ್ಲ, ಜನವರಿ ಕೊನೇಲಿ ಚೇಂಬರ್‌ನ ವಾಷಿಂಗ್ಟನ್ ಪ್ರತಿನಿಧಿ ಪಶ್ಚಿಮ ಕರಾವಳಿಯ ಸಂಸದರ ಮುಂದೆ ಜಪಾನಿ ಮೂಲದವರನ್ನ ತೆರವು ಮಾಡಿಸೋ ಶಿಫಾರಸು ಇಟ್ಟ. ಫೆಬ್ರವರಿ 19ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಬಂತು. ಸುಮಾರು 1,20,000 ಜನ ಮನೆಮಠ ಬಿಟ್ಟು ಕ್ಯಾಂಪ್ ಸೇರಿದ್ರು, ಮೂರನೇ ಎರಡು ಭಾಗ ಅಮೆರಿಕಾ ಪ್ರಜೆಗಳೇ. ಚೇಂಬರ್ ಒಬ್ಬರದೇ ಕೆಲಸ ಇದಲ್ಲ, ಸೈನ್ಯ, ಪತ್ರಿಕೆ, ರಾಜಕಾರಣಿ ಎಲ್ಲರೂ ಸೇರಿದ್ರು. ಆದ್ರೆ ಕೌಂಟಿಯ ಸೊಪ್ಪು ತರಕಾರಿಯ ದೊಡ್ಡ ಪಾಲು ಬೆಳೀತಿದ್ದವರು, ಮಾರ್ಕೆಟ್‌ನಲ್ಲಿ ಮಾರ್ತಿದ್ದವರು ಇದೇ ಜಪಾನಿ ಕುಟುಂಬಗಳು, ಅವರೂ ಕೌಂಟಿಯ ವ್ಯಾಪಾರಸ್ಥರೇ ತಾನೆ? ವ್ಯಾಪಾರಿಗಳ ಸಂಘ ಅವರ ಪರ ನಿಲ್ಲಲಿಲ್ಲ. 1988ರಲ್ಲಿ ಅಮೆರಿಕಾ ಸರ್ಕಾರ ಕ್ಷಮೆ ಕೇಳಿ ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡ್ತು.

ಯುದ್ಧ ಆದ್ಮೇಲಿನ ಕಥೆ ಬೇಗ ಹೇಳಬಹುದು. ಕೌಂಟಿ ಸರ್ಕಾರ ದೊಡ್ಡದಾಯ್ತು, ಇಲಾಖೆಗಳು ಬಂದ್ವು, ಊರೂರು ಬೇರೆ ಬೇರೆ ಮುನಿಸಿಪಾಲಿಟಿ ಆಯ್ತು, ಈಗ ಆ ಕೌಂಟಿ ಒಳಗೆ 88 ನಗರಗಳಿವೆ, ಕೋಟಿ ಹತ್ತಿರ ಜನ, ಮೇಲೆ ಕೂತು ಆಳೋರು ಐದೇ ಜನ ಸೂಪರ್‌ವೈಸರ್‌ಗಳು. ಹಳೇ ಚೇಂಬರ್ ಈಗ ಲಾಸ್ ಏಂಜಲೀಸ್ ಏರಿಯಾ ಚೇಂಬರ್ ಅನ್ನೋ ಹೆಸರಲ್ಲಿ ನಡೀತಿದೆ, ಬಂದರು ಕಟ್ಟಿಸೋ ಕಾಲ ಹೋಯ್ತು, ಈಗ ಲಾಬಿ (ಸರ್ಕಾರದವರನ್ನ ತಮ್ಮ ಕಡೆ ಒಲಿಸೋ ಕೆಲಸ), ಸಭೆ, ವಾಷಿಂಗ್ಟನ್‌ಗೆ ನಿಯೋಗ, ಹೀಗೆ. ಅದರ ಜೊತೆ ಹೆಚ್ಚುಕಮ್ಮಿ ಪ್ರತಿ ಸಣ್ಣ ನಗರಕ್ಕೂ ಅದರದೇ ಚೇಂಬರ್, ಆಮೇಲೆ ಕೊರಿಯನ್ನರದು, ಲ್ಯಾಟಿನೋಗಳದು, ಹೀಗೆ ಸಮುದಾಯದ ಚೇಂಬರ್‌ಗಳು. ಹಳೇ ಸಂಘದಲ್ಲಿ ಜಾಗ ಸಿಗದವರು ತಮ್ಮದೇ ಮಾಡ್ಕೊಂಡ್ರು. ನಿಮ್ಮ ಅಳಿಯನಿಗೆ ಬಂದ ಕಾಗದ ದೊಡ್ಡ ಚೇಂಬರ್‌ನದಾ ಅಥವಾ ಆ ಊರಿನ ಸಣ್ಣದರದಾ ಅಂತ ಮೊದಲು ನೋಡಬೇಕು.

ಮೈಸೂರು ಚೇಂಬರ್ ವಿಷಯ ಕೇಳಿದ್ರಿ. ಹೆಸರು ಒಂದೇ, ಹುಟ್ಟು ಉಲ್ಟಾ. 1916ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಅವರೇ ಮುತುವರ್ಜಿ ವಹಿಸಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಶುರು ಮಾಡಿಸಿದ್ದು, ಅದೇ ಇವತ್ತಿನ ಕರ್ನಾಟಕ ವಾಣಿಜ್ಯ ಕೈಗಾರಿಕಾ ಒಕ್ಕೂಟ, ಎಫ್‌ಕೆಸಿಸಿಐ. ಅಂದ್ರೆ ಅಲ್ಲಿ ವ್ಯಾಪಾರಿಗಳು ಸೇರಿ ಸರ್ಕಾರದ ಕೆಲಸ ಮಾಡಿದ್ರು, ಇಲ್ಲಿ ಸರ್ಕಾರದವರೇ ವ್ಯಾಪಾರಿಗಳನ್ನ ಕರೆದು ಕೂರಿಸಿದ್ರು. ಒಳ್ಳೇದು ಕೆಟ್ಟದ್ದು ಎರಡರಲ್ಲೂ ಇದೆ. ನಮ್ಮಲ್ಲಿ ಚೇಂಬರ್ ಯಾವತ್ತೂ ಮನವಿ ಪತ್ರ ಹಿಡ್ಕೊಂಡು ವಿಧಾನಸೌಧಕ್ಕೆ ಹೋಗೋ ಸಂಘ, ಬಜೆಟ್ ಹಿಂದಿನ ದಿನ ಪೇಪರ್‌ನಲ್ಲಿ ಕಾಣಿಸ್ಕೊಳ್ಳುತ್ತೆ. ಇನ್ನೊಂದು ಊರಿನ ನೀರು ತಂದು ತಮ್ಮ ಊರು ಕಟ್ಟೋ ಅಷ್ಟು ಬಲ ಅದಕ್ಕೆ ಬರಲಿಲ್ಲ, ಬರದೇ ಇದ್ದಿದ್ದೇ ವಾಸಿ ಅಂತ ನಾನಂತೂ ಹೇಳ್ತೀನಿ.

ಕೊನೆಗೆ ದುಡ್ಡಿನ ಮಾತು. ಕಾಗದ ಪೂರ್ತಿ ಓದೋಕೆ ಹೇಳಿ. ಇಂಥ ಕೆಲವು ಕಾಗದ ಬಿಲ್ ಥರಾನೇ ಕಾಣುತ್ತೆ, ಹಾಗೆ ಕಾಣೋ ಹಾಗೆ ಕಳಿಸಿದ್ರೆ ಇದು ಬಿಲ್ ಅಲ್ಲ ಅಂತ ಎದ್ದು ಕಾಣೋ ಹಾಗೆ ಬರೆದಿರಬೇಕು, ಅಲ್ಲಿನ ಅಂಚೆ ಕಾನೂನು ಅದು. ಚೇಂಬರ್‌ಗಳು ತೆರಿಗೆ ಕಾನೂನಿನ 501(ಸಿ)(6) ಅಡಿ ಬರುತ್ವೆ, ಅಂದ್ರೆ ಸಂಘಕ್ಕೆ ತೆರಿಗೆ ವಿನಾಯ್ತಿ ಇದೆ, ಆದ್ರೆ ಇದು ಧರ್ಮದ ಸಂಸ್ಥೆ ಅಲ್ಲ, ಕೊಟ್ಟ ಚಂದಾ ದಾನದ ಲೆಕ್ಕಕ್ಕೆ ಬರಲ್ಲ. ವ್ಯಾಪಾರದ ಖರ್ಚು ಅಂತ ತೋರಿಸಬಹುದು, ಅದರಲ್ಲೂ ಲಾಬಿಗೆ ಹೋದ ಭಾಗ ಬಿಟ್ಟು, ಆ ಭಾಗ ಎಷ್ಟು ಅಂತ ಚೇಂಬರ್‌ನವರೇ ಹೇಳ್ತಾರೆ, ಅಕೌಂಟೆಂಟ್‌ಗೆ ಒಂದು ಮಾತು ಕೇಳಲಿ. ಸಿಟಿಯ ಬಿಸಿನೆಸ್ ಲೈಸೆನ್ಸು, ಕೌಂಟಿಯ ಹೆಲ್ತ್ ಪರ್ಮಿಟ್ಟು, ಇವು ಮಾತ್ರ ತಪ್ಪಿಸೋ ಹಾಗಿಲ್ಲ, ಆ ರಿನ್ಯೂವಲ್ ಕಾಗದ ಈ ಕಾಗದದ ಜೊತೆ ಸೇರಿ ಕಸಕ್ಕೆ ಹೋಗದ ಹಾಗೆ ನೋಡ್ಕೊಳ್ಳಲಿ.

ಸೇರೋದಾ ಬೇಡ್ವಾ ಅಂದ್ರೆ, ಹೊಸ ಹೋಟ್ಲು, ಊರಿನವರ ಪರಿಚಯ ಬೇಕು, ಆಫೀಸ್ ಕೇಟರಿಂಗ್ ಆರ್ಡರ್ ಹಿಡೀಬೇಕು ಅನ್ನೋದಿದ್ರೆ ದೊಡ್ಡದಕ್ಕಿಂತ ಊರಿನ ಸಣ್ಣ ಚೇಂಬರ್ ಜಾಸ್ತಿ ಉಪಯೋಗಕ್ಕೆ ಬರುತ್ತೆ. ಅವರು ಆಗಾಗ ಸಂಜೆ ಹೊತ್ತು ಮಿಕ್ಸರ್ ಅಂತ ಪರಿಚಯದ ಕೂಟ ಮಾಡ್ತಾರೆ, ಸಾಮಾನ್ಯವಾಗಿ ಮೆಂಬರ್ ಅಲ್ಲದವರನ್ನೂ ಒಂದು ಸಲ ಬಿಡ್ತಾರೆ. ನಾಲ್ಕು ವಿಸಿಟಿಂಗ್ ಕಾರ್ಡ್, ಒಂದು ಡಬ್ಬಿ ಮದ್ದೂರು ವಡೆ ತಗೊಂಡು ಹೋಗಲಿ. ಅಲ್ಲಿ ಬಂದವರು ಯಾರು, ಅಂಗಡಿ ನಡೆಸೋರಾ ಅಥವಾ ಬರೀ ಇನ್ಶೂರೆನ್ಸ್ ಏಜೆಂಟು ರಿಯಲ್ ಎಸ್ಟೇಟ್‌ನವರಾ ಅಂತ ನೋಡಲಿ, ಬೋರ್ಡ್ ಮೆಂಬರ್‌ಗಳ ಪಟ್ಟಿ ಕೇಳಿ ತೆಗೊಳ್ಳಲಿ, ಆರ್ಟೀಶಿಯಾದ ಅಂಗಡಿಬೀದಿ ಪಯೋನಿಯರ್ ಬುಲೆವಾರ್ಡ್‌ನ ನಮ್ಮ ದೇಶದ ಅಂಗಡಿಯವರು ಎಷ್ಟು ಜನ ಅದರಲ್ಲಿದ್ದಾರೆ ಅಂತ ಎಣಿಸಲಿ. ಚೆಕ್ ಬರೆಯೋದು ಆಮೇಲೆ.